ವೀಸಾ ಕೇಳದೆ ನಮ್ಮ ಮಕ್ಕಳನ್ನು ಒಳಗೆ ಬಿಟ್ಟವರಿಗಾಗಿ: ಅಮೆರಿಕದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ಮತ ಹಾಕುವ ನನ್ನ ಕನ್ನಡಿಗ ಬಂಧುಗಳಿಗೆ,

ನಮಸ್ಕಾರ.

2022ರ ಫೆಬ್ರವರಿ ಕೊನೆಯ ವಾರ ನಿಮ್ಮಲ್ಲಿ ಎಷ್ಟೋ ಜನಕ್ಕೆ ನೆನಪಿರುತ್ತದೆ. ಉಕ್ರೇನಿನಲ್ಲಿ ಯುದ್ಧ ಶುರುವಾಗಿತ್ತು. ನಮ್ಮಕ್ಕನ ಮಗ ಅಲ್ಲಿ ಎಂಬಿಬಿಎಸ್ ಓದುತ್ತಿದ್ದ. ದಾವಣಗೆರೆಯಲ್ಲಿ ಅಕ್ಕ, ಕ್ಲೀವ್‌ಲ್ಯಾಂಡಿನಲ್ಲಿ ನಾನು, ಇಬ್ಬರೂ ಹಗಲು ರಾತ್ರಿ ಫೋನ್ ಹಿಡಿದು ಕೂತಿದ್ದೆವು. ಅವನು ಗೆಳೆಯರ ಜೊತೆ ಹೇಗೋ ಒಂದು ಬಸ್ಸು ಹಿಡಿದ. ಆಮೇಲೆ ಚಳಿಯಲ್ಲಿ ಗಂಟೆಗಟ್ಟಲೆ ನಡೆದ. ಕೊನೆಗೆ ಸಿರೆತ್ ಗಡಿಗೆ ಬಂದು ಮುಟ್ಟಿದ. ಆಚೆ ಕಡೆ ರೊಮೇನಿಯಾ. ಅವನ ಹತ್ತಿರ ಆ ದೇಶದ ವೀಸಾ ಇರಲಿಲ್ಲ. ಅವನ ಜೊತೆಗಿದ್ದ ಯಾವ ಮಕ್ಕಳ ಹತ್ತಿರವೂ ಇರಲಿಲ್ಲ.

ಆದರೂ ಬಿಟ್ಟರು. "ಚಿಕ್ಕಮ್ಮ, ಈ ಕಡೆ ಬಂದ್ವಿ, ಬಿಸಿ ಸೂಪ್ ಕೊಡ್ತಿದಾರೆ" ಅಂತ ಮೆಸೇಜು ಬಂತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಗಡಿಯಲ್ಲಿ ಊರವರು ಬ್ರೆಡ್ಡು, ಚಹಾ, ಕಂಬಳಿ ಹಿಡಿದು ನಿಂತಿದ್ದರಂತೆ. ಮಲಗಲು ಒಂದು ಶಾಲೆಯ ಆಟದ ಹಾಲ್ ತೆರೆದುಕೊಟ್ಟಿದ್ದರಂತೆ. ಆಪರೇಷನ್ ಗಂಗಾದ ಮೊದಲ ವಿಮಾನ ಹೊರಟಿದ್ದು ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನಿಂದಲೇ. ಫೆಬ್ರವರಿ 26ರಂದು 219 ಜನರನ್ನು ಹೊತ್ತು ಅದು ಮುಂಬೈಗೆ ಬಂದಿಳಿಯಿತು. ನಮ್ಮ ಹುಡುಗ ಬಂದದ್ದು ಅದಾದ ಕೆಲವು ದಿನಗಳ ಮೇಲೆ.

ಆ ದೇಶದ ಜನರ ಬಗ್ಗೆ ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಿದೆ. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿಮ್ಮಲ್ಲಿ ಸಾವಿರಾರು ಜನ ಈಗ ಈ ದೇಶದ ಪ್ರಜೆಗಳು. ನಿಮ್ಮ ಕಾಂಗ್ರೆಸ್ ಸದಸ್ಯರ ಕಚೇರಿಗೆ ನೀವು ಫೋನ್ ಮಾಡಿದರೆ ಅವರು ಎತ್ತಲೇಬೇಕು. ಆ ಫೋನನ್ನು ರೊಮೇನಿಯನ್ನರಿಗಾಗಿ ಒಂದು ಸಲ ಮಾಡಿ ಅಂತ ಕೇಳಲು ಈ ಪತ್ರ.

ವಿಷಯ ಇಷ್ಟು. 2025ರ ಜನವರಿ 10ರಂದು ಅಮೆರಿಕ ಸರ್ಕಾರ ರೊಮೇನಿಯಾವನ್ನು ವೀಸಾ ವೇವರ್ ಪಟ್ಟಿಗೆ ಸೇರಿಸಿದೆ ಎಂದು ಘೋಷಿಸಿತು. ಆ ಪಟ್ಟಿಯಲ್ಲಿರುವ ದೇಶದವರು 90 ದಿನದ ಭೇಟಿಗೆ ವೀಸಾ ಇಲ್ಲದೆ ಬರಬಹುದು. ಆನ್‌ಲೈನಿನಲ್ಲಿ ಒಂದು ಅನುಮತಿ ಪಡೆದರೆ ಸಾಕು. ರೊಮೇನಿಯಾ 43ನೇ ದೇಶ ಆಗಬೇಕಿತ್ತು. ಮಾರ್ಚ್ ಕೊನೆಗೆ ಜಾರಿ ಅಂತ ಹೇಳಿದ್ದರು. ಜಾರಿಗೆ ಒಂದು ವಾರವೂ ಉಳಿದಿರಲಿಲ್ಲ, ಆಗ ತಡೆ ಹಾಕಿದರು. ಮೇ 2ರಂದು ಪೂರ್ತಿ ರದ್ದು ಮಾಡಿದರು. ಗಡಿ ಭದ್ರತೆ, ಇನ್ನೊಮ್ಮೆ ಪರಿಶೀಲನೆ ಅಂತ ಕಾರಣ ಕೊಟ್ಟರು.

ನಮ್ಮ ಪಕ್ಕದ ಮನೆಯಾಕೆ ರೊಮೇನಿಯಾದವರು. ಅರವತ್ತು ದಾಟಿದ ಹೆಂಗಸು. ತೊಂಬತ್ತರ ದಶಕದಲ್ಲಿ ಗ್ರೀನ್ ಕಾರ್ಡ್ ಲಾಟರಿ ಹೊಡೆದು ಬಂದವರು. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ ಹಿಮ ತೆಗೆಯುವ ಸಲಿಕೆ ಹಿಡಿಯುವುದನ್ನು ಕಲಿಸಿಕೊಟ್ಟವರು ಅವರೇ. ಅವರ ತಂಗಿ ಬ್ರಾಶೋವ್ ಎಂಬ ಊರಿನಲ್ಲಿ ನಿವೃತ್ತ ಟೀಚರ್. ಜನವರಿಯಲ್ಲಿ ಸುದ್ದಿ ಕೇಳಿದ್ದೇ ತಡ, ಅಕ್ಕನ ಮೊಮ್ಮಗಳ ನಾಮಕರಣಕ್ಕೆ ಬರುತ್ತೇನೆ ಅಂತ ಆಕೆ ಕಸೂತಿ ಅಂಗಿ ಹೊಲಿಯಲು ಕೂತರಂತೆ. ಬಿಳಿ ಬಟ್ಟೆ, ತೋಳಿನ ಮೇಲೆ ಕೆಂಪು ಕಪ್ಪು ದಾರ. ನಾಮಕರಣ ಮೇ ತಿಂಗಳಲ್ಲಿ ಮುಗಿಯಿತು. ಅಂಗಿ ಪೋಸ್ಟಿನಲ್ಲಿ ಬಂತು.

"ವೀಸಾಕ್ಕೆ ಅರ್ಜಿ ಹಾಕಬಹುದಲ್ವಾ?" ಅಂತ ನಾನೇ ಕೇಳಿದ್ದೆ. ಹಾಕಬಹುದು. 185 ಡಾಲರ್ ಶುಲ್ಕ. ಅದು ವಾಪಸ್ ಬರುವುದಿಲ್ಲ. ಬುಖಾರೆಸ್ಟಿಗೆ ಹೋಗಿ ಸಂದರ್ಶನಕ್ಕೆ ನಿಲ್ಲಬೇಕು. ಟೀಚರ್ ಪಿಂಚಣಿಯಲ್ಲಿ ಅದೇನೂ ಸಣ್ಣ ಮಾತಲ್ಲ. ಆದರೆ ನನ್ನ ಪಕ್ಕದ ಮನೆಯಾಕೆ ಹೇಳಿದ್ದು ಇನ್ನೊಂದು. "ದುಡ್ಡಿನ ಮಾತು ಬಿಡು. ಬಾಗಿಲು ತೆಗೀತೀವಿ ಅಂದರು, ನಾವು ಚಪ್ಪಲಿ ಹಾಕಿಕೊಂಡು ನಿಂತೆವು. ಮತ್ತೆ ಹಾಕಿದರು. ಇದು ನಮಗೆ ಹೊಸದಲ್ಲ." ಇಷ್ಟು ಹೇಳಿ ಅವರು ತಮ್ಮ ಅಪ್ಪನ ಕಥೆ ಶುರು ಮಾಡಿದರು. ಅದನ್ನು ಕೇಳಿದ ಮೇಲೆ ನಾನು ಈ ಎರಡು ದೇಶಗಳ ಬಗ್ಗೆ ಓದುತ್ತಾ ಹೋದೆ. ಓದಿದಷ್ಟೂ ಈ ಪತ್ರ ಬರೆಯಲೇಬೇಕು ಅನ್ನಿಸಿತು.

ಅವರ ಅಪ್ಪ ಪ್ಲೊಯೆಶ್ತಿ ನಗರದ ಹತ್ತಿರದ ಹಳ್ಳಿಯವರು. 1943ರಲ್ಲಿ ಎಂಟು ವರ್ಷದ ಹುಡುಗ. ಪ್ಲೊಯೆಶ್ತಿಯಲ್ಲಿ ಎಣ್ಣೆ ಶುದ್ಧೀಕರಣ ಕಾರ್ಖಾನೆಗಳಿದ್ದವು. ಹಿಟ್ಲರನ ಟ್ಯಾಂಕು, ವಿಮಾನಗಳಿಗೆ ಅಲ್ಲಿಂದ ಎಣ್ಣೆ ಹೋಗುತ್ತಿತ್ತು. ಯಾಕೆಂದರೆ ಆಗ ರೊಮೇನಿಯಾ ಹಿಟ್ಲರನ ಕಡೆ. 1941ರ ಡಿಸೆಂಬರ್ 12ರಂದು ಅದು ಅಮೆರಿಕದ ಮೇಲೆ ಯುದ್ಧ ಸಾರಿತ್ತು. ಮಾರ್ಷಲ್ ಅಂತೊನೆಸ್ಕುವಿನ ಆ ಆಡಳಿತ ತನ್ನ ಕೈಕೆಳಗಿನ ಪ್ರದೇಶಗಳಲ್ಲಿ 2,80,000ದಿಂದ 3,80,000 ಯಹೂದಿಗಳ ಸಾವಿಗೆ ಕಾರಣವಾಯಿತು. ಈ ಲೆಕ್ಕ ಕೊಟ್ಟದ್ದು ರೊಮೇನಿಯಾ ಸರ್ಕಾರವೇ ನೇಮಿಸಿದ ಆಯೋಗ, 2004ರಲ್ಲಿ. ಅದರ ಅಧ್ಯಕ್ಷರಾಗಿದ್ದವರು ಎಲೀ ವೀಸೆಲ್. ರೊಮೇನಿಯಾದ ಸಿಗೆತ್‌ನಲ್ಲಿ ಹುಟ್ಟಿ, ಔಶ್ವಿತ್ಸ್ ಶಿಬಿರದಿಂದ ಬದುಕಿ ಬಂದು, ಅಮೆರಿಕದ ಪ್ರಜೆಯಾದವರು. ಇದನ್ನು ಮುಚ್ಚಿಟ್ಟು ಬರೀ ಗೆಳೆತನದ ಕಥೆ ಹೇಳಲು ನನಗೆ ಮನಸ್ಸಿಲ್ಲ. ಆ ಜನ ತಮ್ಮ ಹಳೆಯ ಪಾಪವನ್ನು ತಡವಾಗಿಯಾದರೂ ಒಪ್ಪಿಕೊಂಡರು. ಅದಕ್ಕೂ ಒಬ್ಬ ಅಮೆರಿಕನ್ನನ ಕೈ ಹಿಡಿದುಕೊಂಡರು.

1943ರ ಆಗಸ್ಟ್ 1, ಭಾನುವಾರ. ಲಿಬಿಯಾದ ಬೆಂಗಾಜಿಯಿಂದ ನೂರ ಎಪ್ಪತ್ತಕ್ಕೂ ಜಾಸ್ತಿ ಅಮೆರಿಕನ್ ಬಾಂಬರುಗಳು ಹೊರಟು ಮೆಡಿಟರೇನಿಯನ್ ಸಮುದ್ರ ದಾಟಿ ಪ್ಲೊಯೆಶ್ತಿಗೆ ಬಂದವು. ರಾಡಾರಿಗೆ ಸಿಗಬಾರದೆಂದು ಮರದ ತುದಿಯ ಎತ್ತರಕ್ಕೆ ಇಳಿದು ಹಾರಿದವು. ಆ ಎಂಟು ವರ್ಷದ ಹುಡುಗ ಜೋಳದ ಹೊಲದಲ್ಲಿ ನಿಂತಿದ್ದ. ವಿಮಾನ ಎಷ್ಟು ಕೆಳಗಿತ್ತೆಂದರೆ ಒಳಗಿದ್ದವನ ಮುಖ ಕಾಣಿಸಿತು ಅಂತ ಸಾಯುವ ತನಕ ಹೇಳುತ್ತಿದ್ದರಂತೆ. ಆ ಒಂದೇ ದಿನ ಐವತ್ತಕ್ಕೂ ಜಾಸ್ತಿ ವಿಮಾನ ಬಿದ್ದವು. ಮುನ್ನೂರಕ್ಕೂ ಜಾಸ್ತಿ ಅಮೆರಿಕನ್ ಹುಡುಗರು ಸತ್ತರು. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಆ ಒಂದು ದಾಳಿಗೆ ಐದು ಜನಕ್ಕೆ ಸಿಕ್ಕಿತು.

ಬದುಕುಳಿದು ಸಿಕ್ಕಿಬಿದ್ದವರ ಗತಿ ಏನಾಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಇಡೀ ಸಂಬಂಧದ ಬೇರು ಇಲ್ಲೇ ಇದೆ ಅನ್ನಿಸುತ್ತದೆ.

ಒಂದು ವಿಮಾನ ರಾಜಮನೆತನದ ಕ್ಯಾಥರೀನ್ ಕರಾಜಾ ಎಂಬಾಕೆಯ ಜಮೀನಿನಲ್ಲಿ ಬಿತ್ತು. ಆಕೆ ಅನಾಥಾಲಯ ನಡೆಸುತ್ತಿದ್ದವರು. ಆ ಹುಡುಗರು ಜರ್ಮನ್ನರ ಕೈಗೆ ಹೋಗದಂತೆ ಆಕೆ ಅಡ್ಡ ನಿಂತರು. ತಮ್ಮ ದೇಶದ ಮೇಲೆ ಬಾಂಬು ಹಾಕಲು ಬಂದವರಿಗೆ! ಅಮೆರಿಕನ್ ಕೈದಿಗಳನ್ನು ರೊಮೇನಿಯಾದ ಸೇನೆ ತನ್ನ ಸುಪರ್ದಿಯಲ್ಲೇ ಇಟ್ಟುಕೊಂಡಿತು. ತಿಮಿಶುಲ್ ಎಂಬ ಬೆಟ್ಟದ ಊರಿನಲ್ಲಿ ಒಂದು ಶಿಬಿರ ಇತ್ತು. ಯುದ್ಧಕೈದಿಗಳ ಶಿಬಿರಗಳ ಪೈಕಿ ಅದು ಎಷ್ಟೋ ವಾಸಿ ಅಂತ ಅಲ್ಲಿದ್ದವರೇ ಆಮೇಲೆ ಹೇಳಿಕೊಂಡಿದ್ದಾರೆ. ಕರಾಜಾ ಅಲ್ಲಿಗೆ ಹೋಗಿ ಬಂದು ಅವರ ಕಷ್ಟಸುಖ ವಿಚಾರಿಸುತ್ತಿದ್ದರು.

1944ರ ಆಗಸ್ಟ್ 23ರಂದು ಇಪ್ಪತ್ತೆರಡು ವರ್ಷದ ದೊರೆ ಮಿಹಾಯ್ ಅರಮನೆಯಲ್ಲೇ ಅಂತೊನೆಸ್ಕುವನ್ನು ಬಂಧಿಸಿದ. ರೊಮೇನಿಯಾ ಹಿಟ್ಲರನ ಕೈಬಿಟ್ಟು ಮಿತ್ರಪಕ್ಷಗಳ ಕಡೆ ಬಂತು. ಮರುದಿನವೇ ಜರ್ಮನ್ ವಿಮಾನಗಳು ಬುಖಾರೆಸ್ಟಿನ ಮೇಲೆ ಬಾಂಬು ಹಾಕಲು ಶುರು ಮಾಡಿದವು. ಪೂರ್ವದಿಂದ ಸೋವಿಯತ್ ಸೈನ್ಯ ನುಗ್ಗಿ ಬರುತ್ತಿತ್ತು. ನಡುವೆ ಸಾವಿರಕ್ಕೂ ಜಾಸ್ತಿ ಅಮೆರಿಕನ್ ಕೈದಿಗಳು. ಅವರಲ್ಲಿ ಹಿರಿಯ ಅಧಿಕಾರಿ ಜೇಮ್ಸ್ ಗನ್. ಇಟಲಿಯಲ್ಲಿದ್ದ ಅಮೆರಿಕದ ವಾಯುಪಡೆಗೆ ಸುದ್ದಿ ಮುಟ್ಟಿಸಬೇಕಿತ್ತು. ದಾರಿ ಇರಲಿಲ್ಲ.

ಆಗ ಮುಂದೆ ಬಂದವರು ರೊಮೇನಿಯಾದ ಹೆಸರಾಂತ ಫೈಟರ್ ಪೈಲಟ್ ಕಾನ್‌ಸ್ತಾಂತಿನ್ ಕಾಂತಾಕುಜಿನೊ. ಕೆಲವೇ ದಿನಗಳ ಹಿಂದಿನ ತನಕ ಅಮೆರಿಕನ್ ವಿಮಾನಗಳ ಎದುರು ಕಾದಾಡಿದ್ದವರು. ಅವರ ಹತ್ತಿರ ಇದ್ದದ್ದು ಒಬ್ಬರೇ ಕೂರುವ ಜರ್ಮನ್ ಮೆಸ್ಸರ್‌ಶ್ಮಿಟ್. ವಿಮಾನದ ಹೊಟ್ಟೆಯಲ್ಲಿದ್ದ ರೇಡಿಯೊ ಪೆಟ್ಟಿಗೆ ತೆಗೆಸಿ, ಆ ಗೂಡಿನೊಳಗೆ ಗನ್ ಅವರನ್ನು ಮುದುರಿ ಕೂರಿಸಿದರು. ಹೊರಗೆ ಪಕ್ಕಕ್ಕೆ ದೊಡ್ಡದಾಗಿ ಅಮೆರಿಕದ ಬಾವುಟ ಬಳಿದರು. ಆಗಸ್ಟ್ 27ರಂದು ಸುಮಾರು ಎರಡು ಗಂಟೆ ಹಾರಿ ಇಟಲಿಯಲ್ಲಿ ಇಳಿದರು. ಯಾವ ಕಡೆಯವರು ಬೇಕಾದರೂ ಹೊಡೆದು ಉರುಳಿಸಬಹುದಿತ್ತು. ಒಳಗೆ ಕತ್ತಲಲ್ಲಿ ಕೂತ ಗನ್ ಅವರ ಜೀವ ಪೂರ್ತಿ ನಿನ್ನೆಯ ಶತ್ರುವಿನ ಕೈಯಲ್ಲಿತ್ತು. ಈ ದೃಶ್ಯವನ್ನು ನಾನು ಎಷ್ಟು ಸಲ ನೆನೆದಿದ್ದೇನೋ.

ನಾಲ್ಕು ದಿನಗಳ ಮೇಲೆ ಅಮೆರಿಕದ ದೊಡ್ಡ ವಿಮಾನಗಳು ಸಾಲಾಗಿ ಬುಖಾರೆಸ್ಟಿನ ಹತ್ತಿರ ಬಂದಿಳಿದವು. ಬಾಂಬು ಇಡುವ ಜಾಗದಲ್ಲಿ ಹಲಗೆ ಹಾಕಿ, ಸೆಪ್ಟೆಂಬರ್ 3ರ ಹೊತ್ತಿಗೆ 1,100ಕ್ಕೂ ಜಾಸ್ತಿ ಜನರನ್ನು ಹೊತ್ತೊಯ್ದವು. ಅವರಲ್ಲಿ ಎಷ್ಟೋ ಜನ ಮನೆಗೆ ಹೋದರು, ಮದುವೆಯಾದರು, ಮಕ್ಕಳು ಮೊಮ್ಮಕ್ಕಳನ್ನು ಕಂಡರು. ಇವತ್ತು ಒಹಾಯೊದಲ್ಲಿ, ಟೆಕ್ಸಸ್ಸಿನಲ್ಲಿ ನಿಮ್ಮ ಪಕ್ಕ ಕೂತು ಕೆಲಸ ಮಾಡುವ ಯಾರೋ ಒಬ್ಬರು ಅವರ ಮೊಮ್ಮಕ್ಕಳಾಗಿರಬಹುದು.

ಅಮೆರಿಕನ್ನರು ಹೋದರು. ರೊಮೇನಿಯನ್ನರು ಉಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮಾಸ್ಕೋದಲ್ಲಿ ಚರ್ಚಿಲ್ ಒಂದು ಚೀಟಿಯ ಮೇಲೆ ಲೆಕ್ಕ ಬರೆದು ಸ್ಟಾಲಿನ್ ಮುಂದೆ ತಳ್ಳಿದ. ರೊಮೇನಿಯಾದಲ್ಲಿ ರಷ್ಯಾಕ್ಕೆ ನೂರಕ್ಕೆ 90 ಪಾಲು ಹಿಡಿತ. ಇಂಗ್ಲೆಂಡಿನವರು ಬರೆದ ಚೀಟಿ ಅದು. ಆದರೆ ಸೋವಿಯತ್ ಹಿಡಿತ ಬಿಗಿಯಾಗುವುದನ್ನು ಅಮೆರಿಕವೂ ತಡೆಯಲಿಲ್ಲ. 1947ರ ಡಿಸೆಂಬರ್ 30ರಂದು ಕಮ್ಯುನಿಸ್ಟರು ದೊರೆಯನ್ನು ಬಲವಂತವಾಗಿ ಇಳಿಸಿದರು.

ಆಗ ಆ ದೇಶದಲ್ಲಿ ಒಂದು ಮಾತು ಹುಟ್ಟಿತು. "ವಿನ್ ಅಮೆರಿಕಾನಿ." ಅಮೆರಿಕನ್ನರು ಬರ್ತಾರೆ. ಪಕ್ಕದ ಮನೆಯಾಕೆಯ ಅಜ್ಜ ಸಂಜೆ ಹೊಲದಿಂದ ಬಂದು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದರಂತೆ. ಜಮೀನು ಸರ್ಕಾರದ ಪಾಲಾಯಿತು, ಊರಿನ ಪಾದ್ರಿ ಜೈಲಿಗೆ ಹೋದರು, ಆದರೂ ನೋಡುತ್ತಿದ್ದರು. ಕಾರ್ಪಾಥಿಯನ್ ಬೆಟ್ಟಗಳಲ್ಲಿ ಸಣ್ಣ ಸಣ್ಣ ಗುಂಪುಗಳು ಬಂದೂಕು ಹಿಡಿದು ಅದೇ ನಂಬಿಕೆಯಲ್ಲಿ ಕಾದವು. ಕೆಲವು 1950ರ ದಶಕದ ಕೊನೆಯ ತನಕ ಕಾದವು. ನುಕ್‌ಶೋರಾ ಹಳ್ಳಿಯ ಎಲಿಸಾಬೆತಾ ರಿಜ್ಯಾ ಎಂಬ ರೈತ ಹೆಂಗಸು ಅವರಿಗೆ ಊಟ ಕೊಟ್ಟಿದ್ದಕ್ಕೆ ಪೊಲೀಸರ ಚಿತ್ರಹಿಂಸೆ ಅನುಭವಿಸಿದರು, ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. ಯಾರೂ ಬರಲಿಲ್ಲ. ಅಜ್ಜ 1956ರಲ್ಲಿ ತೀರಿಕೊಂಡರು. ಇಷ್ಟು ಕಾಯಿಸಿದ ಮೇಲೂ ಈ ಜನ ಅಮೆರಿಕವನ್ನು ದ್ವೇಷಿಸಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ.

ಬಂದದ್ದು ದನಿ. ಅಮೆರಿಕದ ದುಡ್ಡಿನಲ್ಲಿ ಮ್ಯೂನಿಕ್‌ನಿಂದ ನಡೆಯುತ್ತಿದ್ದ ರೇಡಿಯೊ ಫ್ರೀ ಯುರೋಪ್‌ನ ರೊಮೇನಿಯನ್ ವಿಭಾಗ. ಎಂಬತ್ತರ ದಶಕದಲ್ಲಿ ಆ ದೇಶದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ವಿದೇಶಿ ಸಾಲ ತೀರಿಸುತ್ತೇನೆಂದು ಜನರ ಹೊಟ್ಟೆಗೆ ಹೊಡೆದ. ಮಾಂಸ, ಎಣ್ಣೆ, ಸಕ್ಕರೆ, ಎಲ್ಲದಕ್ಕೂ ಕ್ಯೂ. ಚಳಿಗಾಲದಲ್ಲಿ ಮನೆಗಳಿಗೆ ಬಿಸಿ ಇಲ್ಲ. ಟಿವಿಯಲ್ಲಿ ದಿನಕ್ಕೆ ಎರಡು ಗಂಟೆ ಕಾರ್ಯಕ್ರಮ, ಅದರಲ್ಲೂ ಜಾಸ್ತಿ ಅವನದೇ ಮುಖ. ಆ ಕತ್ತಲಲ್ಲಿ ಜನ ರೇಡಿಯೊದ ಸದ್ದು ತಗ್ಗಿಸಿ, ಕಿಟಕಿ ಮುಚ್ಚಿ, ಆ ದನಿ ಕೇಳುತ್ತಿದ್ದರು. ಪಕ್ಕದ ಮನೆಯಾಕೆ ಹೇಳುತ್ತಾರೆ: "ನಮ್ಮೂರಲ್ಲಿ ಏನಾಗ್ತಿದೆ ಅಂತ ನಮಗೆ ಗೊತ್ತಾಗ್ತಿದ್ದದ್ದು ಮ್ಯೂನಿಕ್ಕಿನಿಂದ." ಕೇಳಿಸಿದವರೂ ಬೆಲೆ ತೆತ್ತರು. ಆ ರೇಡಿಯೊದಲ್ಲಿ ಮಾತಾಡುತ್ತಿದ್ದ ಮೋನಿಕಾ ಲೊವಿನೆಸ್ಕು ಅವರನ್ನು 1977ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮನೆ ಮುಂದೆಯೇ ಹೊಡೆದು ಬೀಳಿಸಿದರು. 1981ರ ಫೆಬ್ರವರಿಯಲ್ಲಿ ಮ್ಯೂನಿಕ್ಕಿನ ಆ ಕಟ್ಟಡಕ್ಕೇ ಬಾಂಬು ಇಟ್ಟು ಸಿಡಿಸಿದರು.

ಅದೇ ಕಾಲದಲ್ಲಿ ವಾಷಿಂಗ್ಟನ್ ಚೌಶೆಸ್ಕುವಿಗೆ ಕೈಕುಲುಕಿದ್ದೂ ನಿಜ. 1968ರಲ್ಲಿ ಜೆಕೊಸ್ಲೊವಾಕಿಯಾ ಮೇಲಿನ ಸೋವಿಯತ್ ದಾಳಿಗೆ ಅವನು ಸೇರಲಿಲ್ಲ, ಅದಕ್ಕೇ ಅವನು ಅಮೆರಿಕಕ್ಕೆ ಬೇಕಾದವನಾದ. 1969ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ಬುಖಾರೆಸ್ಟಿಗೆ ಹೋದಾಗ ಲಕ್ಷಾಂತರ ಜನ ಬೀದಿಗೆ ಬಂದರು. 1978ರಲ್ಲಿ ಕಾರ್ಟರ್ ಅವನನ್ನು ಶ್ವೇತಭವನಕ್ಕೆ ಕರೆದರು. ಬೀದಿಗೆ ಬಂದ ಆ ಜನ ಯಾರಿಗೆ ಕೈ ಬೀಸಿದ್ದು? ನನ್ನ ಪಕ್ಕದ ಮನೆಯಾಕೆ ಪ್ರಕಾರ ಅವರು ಬೀಸಿದ್ದು ಅಮೆರಿಕಕ್ಕೆ. ನಾನು ಅವರ ಮಾತನ್ನೇ ನಂಬುತ್ತೇನೆ. ದೊರೆಗಳ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ.

ಈ ಕಥೆ ಯುದ್ಧಕ್ಕಿಂತ ಹಳೆಯದು ಅಂತ ನನಗೆ ಗೊತ್ತಾದದ್ದು ನಮ್ಮೂರಿನಲ್ಲೇ. ನಾನಿರುವ ಕ್ಲೀವ್‌ಲ್ಯಾಂಡಿಗೆ 1900ರ ಸುಮಾರಿನಲ್ಲೇ, ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ರೈತರು ಬಂದು ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದರು. "ಮಿಯಾ ಶಿ ದ್ರುಮುಲ್" ಅಂತ ಅವರದೊಂದು ಮಾತಿದೆ. ಸಾವಿರ ಮತ್ತು ದಾರಿಖರ್ಚು ಅಂತ ಅರ್ಥ. ಸಾವಿರ ಡಾಲರ್ ಉಳಿಸುವುದು, ಹಡಗಿನ ಖರ್ಚು ಕೈಗೆ ಬಂದ ಕೂಡಲೇ ಊರಿಗೆ ಹೋಗಿ ಜಮೀನು ಕೊಳ್ಳುವುದು. ಎಷ್ಟು ನಮ್ಮ ಮಾತಿನ ಹಾಗೇ ಇದೆ ಅಲ್ವಾ? ಐದು ವರ್ಷ ಇದ್ದು ಹೋಗಿಬಿಡೋಣ ಅಂತ ಬಂದವರು ನಾವೂ. ಹೋದವರು ಹೋದರು, ಉಳಿದವರು ಇಲ್ಲಿ ಚರ್ಚು ಕಟ್ಟಿದರು. 1906ರಲ್ಲಿ 'ಅಮೆರಿಕಾ' ಅಂತ ರೊಮೇನಿಯನ್ ಭಾಷೆಯಲ್ಲಿ ಪತ್ರಿಕೆ ತಂದರು. ನಮ್ಮೂರಿನ ಕಲ್ಚರಲ್ ಗಾರ್ಡನ್ಸ್ ಎಂಬ ಉದ್ಯಾನದಲ್ಲಿ ರೊಮೇನಿಯಾದ ತೋಟವೂ ಇದೆ, ಗಾಂಧೀಜಿ ಪ್ರತಿಮೆ ಇರುವ ಭಾರತದ ತೋಟವೂ ಇದೆ. ಅಕ್ಟೋಬರ್ 2ಕ್ಕೆ ಹೋದಾಗ ನಾನು ಈಗ ಎರಡನ್ನೂ ನೋಡಿ ಬರುತ್ತೇನೆ.

1989ರ ಡಿಸೆಂಬರಿನಲ್ಲಿ ರೊಮೇನಿಯನ್ನರು ಚೌಶೆಸ್ಕುವನ್ನು ತಾವೇ ಇಳಿಸಿದರು. ಆ ಕೆಲವು ದಿನಗಳಲ್ಲಿ ಸಾವಿರಕ್ಕೂ ಜಾಸ್ತಿ ಜನ ಸತ್ತರು. ಮುಂದಿನ ಕನಸು ಅಮೆರಿಕ ಇರುವ ಸೇನಾ ಒಕ್ಕೂಟ ನ್ಯಾಟೊ. 1997ರ ಜುಲೈಯಲ್ಲಿ ಪೋಲೆಂಡ್, ಹಂಗೇರಿ, ಜೆಕ್ ದೇಶಗಳಿಗೆ ಕರೆ ಬಂತು. ರೊಮೇನಿಯಾಕ್ಕೆ ಬರಲಿಲ್ಲ. ಅದಾದ ಮೂರೇ ದಿನಕ್ಕೆ ಅಧ್ಯಕ್ಷ ಕ್ಲಿಂಟನ್ ಬುಖಾರೆಸ್ಟಿಗೆ ಬಂದರು. ಬೇಡ ಅಂದವನನ್ನು ಯಾರಾದರೂ ಸ್ವಾಗತಿಸುತ್ತಾರಾ? ಇವರು ಸ್ವಾಗತಿಸಿದರು. ವಿಶ್ವವಿದ್ಯಾಲಯದ ಚೌಕ ಜನರಿಂದ ತುಂಬಿಹೋಯಿತು. ಬಾಗಿಲು ತೆರೆದೇ ಇರುತ್ತದೆ ಅಂತ ಕ್ಲಿಂಟನ್ ಹೇಳಿದರು. ಅಂದೇ ಎರಡು ದೇಶಗಳ ಸಹಭಾಗಿತ್ವ ಶುರುವಾಯಿತು.

ಬಾಗಿಲಿನ ಮಾತನ್ನು ರೊಮೇನಿಯನ್ನರು ಗಟ್ಟಿಯಾಗಿ ಹಿಡಿದುಕೊಂಡರು. 2002ರ ನವೆಂಬರ್ 23ರಂದು ಅಧ್ಯಕ್ಷ ಬುಷ್ ಬುಖಾರೆಸ್ಟಿನಲ್ಲಿ ಮಳೆಯಲ್ಲಿ ನಿಂತು, ಇನ್ನು ನಿಮ್ಮನ್ನು ಶತ್ರು ಅಂದುಕೊಳ್ಳುವವರು ಅಮೆರಿಕವನ್ನೂ ಶತ್ರು ಮಾಡಿಕೊಂಡಂತೆ ಅಂದಾಗ ಆಕಾಶದಲ್ಲಿ ಕಾಮನಬಿಲ್ಲು ಕಟ್ಟಿತ್ತು. ಆ ದಿನ ಅಲ್ಲಿದ್ದವರು ಇವತ್ತಿಗೂ ಅದನ್ನು ಹೇಳುತ್ತಾರೆ. 2004ರ ಮಾರ್ಚ್ 29ರಂದು ರೊಮೇನಿಯಾ ನ್ಯಾಟೊ ಸೇರಿತು. ಅಫ್ಘಾನಿಸ್ತಾನ, ಇರಾಕ್ ಎರಡಕ್ಕೂ ಸೈನಿಕರನ್ನು ಕಳಿಸಿತು. ಇಪ್ಪತ್ತೈದಕ್ಕೂ ಜಾಸ್ತಿ ಜನ ವಾಪಸ್ ಬರಲಿಲ್ಲ. ಅವರು ಸತ್ತದ್ದು ರೊಮೇನಿಯಾದ ಗಡಿ ಕಾಯುತ್ತಾ ಅಲ್ಲ. ನ್ಯೂಯಾರ್ಕಿನ ಗೋಪುರಗಳು ಬಿದ್ದವು ಎಂಬ ಕಾರಣಕ್ಕೆ ಶುರುವಾದ ಯುದ್ಧದಲ್ಲಿ, ಇಲ್ಲವೇ ಅದರ ಬೆನ್ನಿಗೆ ಬಂದ ಯುದ್ಧದಲ್ಲಿ.

ದೇವೆಸೇಲು ಎಂಬ ಹಳ್ಳಿಯ ಪಕ್ಕ ಅಮೆರಿಕದ ಕ್ಷಿಪಣಿ ತಡೆಯುವ ನೆಲೆ ಇದೆ, 2016ರಿಂದ ಕೆಲಸ ಮಾಡುತ್ತಿದೆ. ಇದರಿಂದಾಗಿ ರಷ್ಯಾದ ಕಣ್ಣು ಮೊದಲು ಬೀಳುವುದು ಆ ಹಳ್ಳಿಯ ಮೇಲೆ. ಕಪ್ಪು ಸಮುದ್ರದ ಹತ್ತಿರದ ಮಿಹಾಯಿಲ್ ಕೊಗಲ್ನಿಚಾನು ವಾಯುನೆಲೆಗೆ 2022ರಲ್ಲಿ ಅಮೆರಿಕದ 101ನೇ ಏರ್‌ಬೋರ್ನ್ ಪಡೆ ಬಂದಿಳಿಯಿತು. ಸುಮಾರು 80 ವರ್ಷಗಳಲ್ಲಿ ಅದು ಯುರೋಪಿನ ಕಾವಲಿಗೆ ಬಂದದ್ದು ಅದೇ ಮೊದಲು. ಅಂತೂ "ವಿನ್ ಅಮೆರಿಕಾನಿ" ನಿಜವಾಯಿತು ಅಂತ ಪಕ್ಕದ ಮನೆಯಾಕೆ ಅಪ್ಪನ ಫೋಟೊ ಮುಂದೆ ಮೇಣದ ಬತ್ತಿ ಹಚ್ಚಿದ್ದರು. 2025ರ ಅಕ್ಟೋಬರಿನಲ್ಲಿ ಅಲ್ಲಿಂದ ಒಂದು ದಳ ವಾಪಸ್ ಹೋಗುತ್ತದೆ, ಬದಲಿ ಬರುವುದಿಲ್ಲ, ಸುಮಾರು ಸಾವಿರ ಜನ ಉಳಿಯುತ್ತಾರೆ ಅಂತ ಸುದ್ದಿ ಬಂತು. ಸೇನೆಯ ಲೆಕ್ಕಾಚಾರ ನನಗೆ ತಿಳಿಯದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೀಸಾ ಹೋದ ವರ್ಷವೇ ಇದೂ ಆಯಿತು. ಅದನ್ನು ಅಲ್ಲಿನ ಜನ ಹೇಗೆ ತೆಗೆದುಕೊಂಡಿರುತ್ತಾರೆ ಅಂತ ಮಾತ್ರ ಯೋಚಿಸುತ್ತೇನೆ.

ಈ ಸಂಬಂಧದಲ್ಲಿ ಅಮೆರಿಕ ಕೊಟ್ಟ ನೋವೂ ಇದೆ. ಸಿಐಎ 2003ರಿಂದ 2005ರವರೆಗೆ ರೊಮೇನಿಯಾದಲ್ಲಿ ಗುಟ್ಟಾಗಿ ಜೈಲು ನಡೆಸಿತು ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ತಪ್ಪಿತಸ್ಥ ಅನ್ನಿಸಿಕೊಂಡು ತಲೆ ತಗ್ಗಿಸಬೇಕಾದದ್ದು ರೊಮೇನಿಯಾ. 2004ರ ಡಿಸೆಂಬರಿನಲ್ಲಿ 'ಕಾಂಪಾಕ್ಟ್' ರಾಕ್ ತಂಡದ ತೇಒ ಪೇತೆರ್ ಕೂತಿದ್ದ ಟ್ಯಾಕ್ಸಿಗೆ ಅಮೆರಿಕದ ರಾಯಭಾರ ಕಚೇರಿಯ ಕಾವಲಿನ ಸೈನಿಕನೊಬ್ಬನ ಕಾರು ಗುದ್ದಿತು. ಅವರು ತೀರಿಕೊಂಡರು. ಆ ಸೈನಿಕ ದೇಶ ಬಿಟ್ಟು ಹೋದ. ಅಮೆರಿಕದ ಸೇನಾ ನ್ಯಾಯಾಲಯ ಸಾವಿನ ಆರೋಪದಿಂದ ಅವನನ್ನು ಬಿಟ್ಟಿತು. ರೊಮೇನಿಯನ್ನರು ಸಿಟ್ಟಾದರು, ಪ್ರತಿಭಟನೆ ಮಾಡಿದರು. ಸ್ನೇಹ ಮುರಿಯಲಿಲ್ಲ. ಅಫ್ಘಾನಿಸ್ತಾನದಲ್ಲಿ 2021ರ ತನಕ ಜೊತೆಗೇ ಇದ್ದರು.

ಈಗ ವೀಸಾಕ್ಕೆ ಬರುತ್ತೇನೆ. ವೇವರ್ ಸಿಗಬೇಕಾದರೆ ವೀಸಾ ತಿರಸ್ಕಾರ ನೂರಕ್ಕೆ ಮೂರಕ್ಕಿಂತ ಕಡಿಮೆ ಇರಬೇಕು ಅಂತ ಕಾನೂನು. ರೊಮೇನಿಯಾ ವರ್ಷಗಟ್ಟಲೆ ಪ್ರಯತ್ನಪಟ್ಟು 2024ರ ಲೆಕ್ಕದಲ್ಲಿ ಅದನ್ನು 2.61ಕ್ಕೆ ಇಳಿಸಿತು. ಅಂದರೆ ಆ ವರ್ಷ ನೂರರಲ್ಲಿ ಸುಮಾರು 97 ಜನಕ್ಕೆ ವೀಸಾ ಹೇಗೂ ಕೊಟ್ಟಿದ್ದರು. ಪೋಲೆಂಡಿಗೆ 2019ರಲ್ಲಿ ವೇವರ್ ಸಿಕ್ಕಿತು, ಕ್ರೊಯೇಷಿಯಾಕ್ಕೆ 2021ರಲ್ಲಿ. ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ಹೊರಗೆ ಉಳಿದದ್ದು ರೊಮೇನಿಯಾ, ಬಲ್ಗೇರಿಯಾ, ಸೈಪ್ರಸ್ ಮಾತ್ರ. ಇನ್ನೊಂದು ಕಡೆ, ಅಮೆರಿಕದ ಪಾಸ್‌ಪೋರ್ಟ್ ಇರುವ ನೀವು ನಾಳೆ ಬೆಳಿಗ್ಗೆ ಬುಖಾರೆಸ್ಟಿಗೆ ವೀಸಾ ಇಲ್ಲದೆ ಹೋಗಬಹುದು. ನಾನೂ ಹೋಗಬಹುದು. ನನ್ನ ಪಕ್ಕದ ಮನೆಯಾಕೆಯ ತಂಗಿ ವೀಸಾ ಇಲ್ಲದೆ ಇಲ್ಲಿಗೆ ಬರುವ ಹಾಗಿಲ್ಲ.

"ಅಲ್ಲಿಯ ರಾಜಕೀಯ ಸರಿ ಇಲ್ಲ" ಅಂತ ಒಬ್ಬ ಸ್ನೇಹಿತರು ನನಗೆ ಹೇಳಿದರು. 2024ರ ಡಿಸೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿದ್ದು ನಿಜ. ಅಮೆರಿಕದ ಉಪಾಧ್ಯಕ್ಷರು ಮ್ಯೂನಿಕ್ಕಿನ ಸಭೆಯಲ್ಲಿ ಅದನ್ನು ಟೀಕಿಸಿದ್ದೂ ನಿಜ. ಆ ತೀರ್ಪು ಸರಿಯೋ ತಪ್ಪೋ ಎಂದು ರೊಮೇನಿಯನ್ನರೇ ಇನ್ನೂ ಜಗಳ ಆಡುತ್ತಾರೆ. ಆದರೆ ಮುಂದಿನ ಮೇ ತಿಂಗಳಲ್ಲಿ ಮತ್ತೆ ಚುನಾವಣೆ ನಡೆಯಿತು, ನಿಕುಶೋರ್ ದಾನ್ ಗೆದ್ದರು, ಅಧಿಕಾರ ವಹಿಸಿಕೊಂಡರು. ಮೊಮ್ಮಗಳನ್ನು ನೋಡಲು ಬರುವ ಟೀಚರಿಗೂ ನ್ಯಾಯಾಲಯದ ತೀರ್ಪಿಗೂ ಏನು ಸಂಬಂಧ?

"ನಮ್ಮದೇ ವೀಸಾ ಗೋಳು ಸಾಲದಾ?" ಅಂತ ನೀವು ಕೇಳಬಹುದು. ಕೇಳಿ, ನ್ಯಾಯವಾದ ಪ್ರಶ್ನೆ. ನಮ್ಮಮ್ಮ ಅಮೆರಿಕದ ವೀಸಾಕ್ಕೆ ದಾವಣಗೆರೆಯಿಂದ ಚೆನ್ನೈಗೆ ರೈಲು ಹತ್ತಿದವರು. ಫೈಲು ಎದೆಗೆ ಅವುಚಿಕೊಂಡು, ಕಿಟಕಿಯಲ್ಲಿ ಏನು ಕೇಳುತ್ತಾರೋ ಅಂತ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದದ್ದು 2025ರ ಜನವರಿ 17ರಂದು. ರೊಮೇನಿಯಾದ ಘೋಷಣೆ ಆಗಿ ಒಂದೇ ವಾರಕ್ಕೆ. ವೀಸಾ ಸೇವೆ ತಕ್ಷಣ ಸಿಗಲಿಲ್ಲ, ಕಾಯಿರಿ ಅಂದರು. ಆ ಕಾಯುವುದು ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ರೊಮೇನಿಯಾಕ್ಕೆ ವೇವರ್ ಕೊಟ್ಟರೆ ನಮ್ಮ ಸರದಿ ಹಿಂದೆ ಹೋಗುವುದಿಲ್ಲ. ಅದು ಭೇಟಿಗೆ ಬರುವವರ ವಿಷಯ. ಹೆಚ್‌-1ಬಿ, ಗ್ರೀನ್ ಕಾರ್ಡ್‌ಗಳ ಸಾಲು ಬೇರೆಯೇ.

ನೀವು ಮಾಡಬೇಕಾದ್ದು ತುಂಬಾ ಸಣ್ಣದು. ವೇವರ್ ಪಟ್ಟಿಗೆ ಸೇರಿಸುವ ಅಧಿಕಾರ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಕಾರ್ಯದರ್ಶಿಯದ್ದು, ವಿದೇಶಾಂಗ ಇಲಾಖೆಯ ಜೊತೆ ಮಾತಾಡಿ ಅವರು ತೀರ್ಮಾನ ಮಾಡುತ್ತಾರೆ. ಕಾಂಗ್ರೆಸ್ ಸದಸ್ಯರು, ಸೆನೆಟರುಗಳು ಅವರಿಗೆ ಪತ್ರ ಬರೆದು ಪರಿಶೀಲನೆ ಮತ್ತೆ ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಅಂತ ಕೇಳಬಹುದು. ಆ ಪತ್ರ ಬರೆಯಿರಿ ಅಂತ ನಿಮ್ಮ ಸದಸ್ಯರಿಗೆ ಹೇಳಿ. ಎರಡು ನಿಮಿಷದ ಫೋನು. ಹೆಸರು, ಜಿಪ್ ಕೋಡು ಕೇಳುತ್ತಾರೆ. "ರೊಮೇನಿಯಾದ ವೀಸಾ ವೇವರ್ ಪರಿಶೀಲನೆ ಮತ್ತೆ ಶುರು ಮಾಡಿ" ಅಂದರೆ ಸಾಕು. ನೀವು ಯಾಕೆ ಕೇಳ್ತಿದ್ದೀರಿ ಅಂತ ಕೇಳಿದರೆ 2022ರ ಸಿರೆತ್ ಗಡಿಯ ಮಾತು ಹೇಳಿ. ನಾನು ಹೇಳಿದಾಗ ಆ ಕಡೆ ಫೋನು ಎತ್ತಿದ್ದ ಹುಡುಗಿ ಸ್ವಲ್ಪ ಹೊತ್ತು ಸುಮ್ನಿದ್ದು, "ಇದನ್ನು ಹಾಗೇ ಬರೆದುಕೊಳ್ಳುತ್ತೇನೆ" ಅಂದಳು.

ನಮ್ಮ ಅಕ್ಕನ ಮಗ ಈಗ ಓದು ಮುಗಿಸಿ ಊರಲ್ಲೇ ಇದ್ದಾನೆ. ಈ ಪತ್ರ ಬರೆಯುತ್ತಿದ್ದೇನೆ ಅಂದಾಗ, ಗಡಿಯಲ್ಲಿ ತನಗೆ ಕೈಗವಸು ಕೊಟ್ಟ ಅಜ್ಜಿಯೊಬ್ಬರ ಹೆಸರೇ ಕೇಳಲಿಲ್ಲ ಅಂತ ಬೇಸರ ಮಾಡಿಕೊಂಡ. ಆ ಕೈಗವಸು ಇನ್ನೂ ಅವನ ಹತ್ತಿರ ಇದೆ. ದಾವಣಗೆರೆಯ ಬಿಸಿಲಲ್ಲಿ ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಅಕ್ಕ ಅದನ್ನು ದೇವರ ಕೋಣೆಯ ಕಪಾಟಿನಲ್ಲಿ ಮಡಿಸಿ ಇಟ್ಟಿದ್ದಾಳೆ.

ಇಂತಿ ನಿಮ್ಮ,
ಕ್ಲೀವ್‌ಲ್ಯಾಂಡಿನ ಒಬ್ಬ ದಾವಣಗೆರೆ ಹೆಣ್ಣುಮಗಳು